ನಾನು ಹೇಳೋದು ಸರಿಯಾಗೇ ಇದ್ದರೂ ಯಾರೂ ಯಾಕೆ ಒಪ್ಪಲ್ಲ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರ ವಾದದಲ್ಲಿ ತಪ್ಪೇನೂ ಇರುವುದಿಲ್ಲ. ಕೊಡುವ ಕಾರಣ ಮಾತ್ರ ಅವರ ಸ್ವಂತದ್ದಾಗಿರುತ್ತದೆ. ಒಪ್ಪಬೇಕಾದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಬೆಂಗಳೂರಿನ ಬಾಡಿಗೆ ಮನೆಯನ್ನೇ ತೆಗೆದುಕೊಳ್ಳಿ. 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದೆ, ಬಾಡಿಗೆ 20,000. ಓನರ್ ಶೇಕಡ 10 ಏರಿಸುತ್ತೇನೆ ಎನ್ನುತ್ತಾರೆ, ನೀವು 5ಕ್ಕೆ ಒಪ್ಪಿಸಬೇಕು. ‘ಸಂಬಳ ಏರಿಲ್ಲ ಅಂಕಲ್, ಮಕ್ಕಳ ಫೀಸ್ ಬೇರೆ’ ಎಂದರೆ ಪಾಪ ಎನಿಸಬಹುದು, ಅಷ್ಟೇ. ಅವರ ಲೆಕ್ಕ ಬೇರೆ: 22,000ಕ್ಕೂ 21,000ಕ್ಕೂ ಇರುವ ವ್ಯತ್ಯಾಸ 11 ತಿಂಗಳಿಗೆ 11,000. ನೀವು ಹೋದ ಮೇಲೆ ಮನೆಗೆ ಒಂದೇ ತಿಂಗಳು ಬೀಗ ಬಿದ್ದರೂ 20,000 ಹೋಯಿತು. ಹಾಗೆಂದು ಈ ಲೆಕ್ಕವನ್ನು ಅವರೆದುರು ಬಿಡಿಸಿಟ್ಟರೆ ಧಮಕಿ ಹಾಕಿದಂತಾಗುತ್ತದೆ, ‘ಹಾಗಾದ್ರೆ ಖಾಲಿ ಮಾಡಿ’ ಎಂದುಬಿಡುತ್ತಾರೆ. ‘ಇನ್ನೆರಡು ವರ್ಷ ನಾವಿಲ್ಲೇ ಇರೋರು. ಒಂದ್ಸಲವೂ ಐದನೇ ತಾರೀಖು ದಾಟಿಸಿಲ್ಲ. 21,000 ಮಾಡ್ಕೊಳ್ಳಿ’ ಎನ್ನಿ, ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ. ಬಾಡಿಗೆ ತಡ ಮಾಡುತ್ತಾ ಬಂದವರ ಬಾಯಲ್ಲಿ ಈ ಮಾತು ನಡೆಯುವುದಿಲ್ಲ. ಅಗ್ರಿಮೆಂಟ್ ಮುಗಿಯಲು ಎರಡು ತಿಂಗಳಿರುವಾಗಲೇ ಮಾತೆತ್ತಿ. ಕೊನೆಯ ವಾರದಲ್ಲಿ ನಿಮಗೆ ಬೇರೆ ಮನೆ ಸಿಗುವುದು ಕಷ್ಟ ಎಂಬುದು ಅವರಿಗೂ ಗೊತ್ತು.

‘ಏನೋ ಒಂದು ಕಾರಣ ಕೊಟ್ಟರೆ ಸಾಕು, ಜನ ಒಪ್ಪುತ್ತಾರೆ’ ಎಂಬ ಮಾತೂ ಚಾಲ್ತಿಯಲ್ಲಿದೆ. ಅದರ ಮೂಲ, ಅಮೆರಿಕದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಜೆರಾಕ್ಸ್ ಯಂತ್ರದ ಪ್ರಯೋಗ. ಯಂತ್ರ ಬಳಸಲು ಹೊರಟವರನ್ನು ‘ಐದು ಪುಟ ಇದೆ, ಮೊದಲು ನಾನು ಮಾಡಿಕೊಳ್ಳಲಾ?’ ಎಂದು ಕೇಳಿದಾಗ ಶೇಕಡ 60 ಮಂದಿ ಬಿಟ್ಟುಕೊಟ್ಟರು. ‘ಅವಸರದಲ್ಲಿದ್ದೇನೆ’ ಎಂದು ಸೇರಿಸಿದಾಗ 94. ‘ಕಾಪಿ ತೆಗೆಯಬೇಕು’ ಎಂಬ ಕಾರಣವೇ ಅಲ್ಲದ ಕಾರಣಕ್ಕೂ 93! ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಪುಟ 20 ಆದಾಗ ಆ ಪೊಳ್ಳು ಕಾರಣಕ್ಕೆ ಒಪ್ಪಿದವರು ಶೇಕಡ 24, ಕಾರಣವೇ ಕೊಡದಿದ್ದಾಗಲೂ 24; ಅವಸರ ಎಂದಾಗ ಮಾತ್ರ 42. ಅಂದರೆ ಕೇಳುವುದು ದೊಡ್ಡದಾದಷ್ಟೂ ಕಾರಣವನ್ನು ತೂಗಿ ನೋಡುತ್ತಾರೆ. ಆಫೀಸಿನಲ್ಲಿ ಹತ್ತು ನಿಮಿಷದ ಸಹಾಯಕ್ಕೆ ಒಂದು ಸಾಲು ಸಾಕು. ಒಂದು ವಾರ ರಜೆ ಬೇಕಿದ್ದರೆ, ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಬಾಕಿ ಯಾವತ್ತು ಮುಗಿಯುತ್ತದೆ ಎಂದು ಬರೆದುಕೊಂಡೇ ಮ್ಯಾನೇಜರ್ ಹತ್ತಿರ ಹೋಗಿ.

ಮನೆಯಲ್ಲಿ ಲೆಕ್ಕ ನಡೆಯುವುದಿಲ್ಲ. ಬಿಪಿ ಚೆಕ್ ಮಾಡಿಸಲು ಒಲ್ಲದ ಅಪ್ಪನಿಗೆ ಕಾಯಿಲೆಯ ಭಯ ಹುಟ್ಟಿಸಿದಷ್ಟೂ ಹಟ ಬಲಿಯುತ್ತದೆ. ‘ನನಗೇನಾಗಿದೆ?’ ಎಂದು ನಾಲ್ಕು ಜನರೆದುರು ಅಂದುಬಿಟ್ಟರೆ, ಆ ಮಾತಿನಿಂದ ಹಿಂದೆ ಸರಿಯುವುದು ಅವರಿಗೆ ಅವಮಾನ. ಅವರೊಬ್ಬರೇ ಇರುವಾಗ, ‘ಶನಿವಾರ ಅಮ್ಮನ್ನ ಬಿಪಿ ಚೆಕ್ ಮಾಡಿಸೋಕೆ ಕರ್ಕೊಂಡು ಹೋಗ್ತಿದೀನಿ, ನೀವು ಜೊತೆಗಿದ್ರೆ ಅವಳಿಗೂ ಧೈರ್ಯ. ಬರೋದು ಬಿಡೋದು ನಿಮ್ಮಿಷ್ಟ’ ಎಂದು ಸುಮ್ಮನಾಗಿ. ನಿಜವಾಗಿಯೂ ಸುಮ್ಮನಾಗಬೇಕು; ಗಂಟೆಗೊಮ್ಮೆ ‘ಏನ್ ಯೋಚನೆ ಮಾಡಿದ್ರಿ?’ ಎಂದು ಕೇಳುತ್ತಿದ್ದರೆ ಅವರಿಷ್ಟ ಎಲ್ಲಿ ಉಳಿಯಿತು? ಶುಕ್ರವಾರ ರಾತ್ರಿ ‘ನಾಳೆ ಎಷ್ಟು ಗಂಟೆಗೆ ಹೊರಡೋಣ?’ ಎಂದು ಅಮ್ಮನನ್ನು ಕೇಳಿ, ಅಪ್ಪನಿಗೂ ಕೇಳಿಸುವ ಹಾಗೆ.