ಮಾಂಗರ್ಟ್ ತುದಿಯಲ್ಲಿ ಅರ್ಧ ಗಂಟೆ

ನಿನ್ನೆ ಮಾಂಗರ್ಟ್ ಹತ್ತಿ ಬಂದೆವು. 2,679 ಮೀಟರ್. ಜೂಲಿಯನ್ ಆಲ್ಪ್ಸ್‌ನಲ್ಲಿ, ಸ್ಲೊವೇನಿಯಾ ಮತ್ತು ಇಟಲಿಯ ಗಡಿಯ ಮೇಲೇ ಇರುವ ಶಿಖರ. ಸುಮಾರು 2,000 ಮೀಟರ್‌ವರೆಗೂ ಕಾರು ಹೋಗುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಬಂಡೆಯ ಮೇಲೆ ಕೆಂಪು ಉಂಗುರ, ನಡುವೆ ಬಿಳಿ ಚುಕ್ಕಿ. ಅದೇ ದಾರಿಯ ಗುರುತು. ಕಡಿದಾದ ಕಡೆ ಕಬ್ಬಿಣದ ಹಗ್ಗ ಹಿಡಿದು ಹತ್ತಬೇಕು. ಎಲ್ಲೂ ಒಂದು ತೊರೆ ಇಲ್ಲ. ಸುಣ್ಣದಕಲ್ಲು ಅಲ್ವಾ, ಬಿದ್ದ ಮಳೆಯೆಲ್ಲ ಬಿರುಕಿನೊಳಗೆ ಇಳಿದುಹೋಗುತ್ತದೆ. ನೀರು ಜಾಸ್ತಿ ಹೊತ್ತಿದ್ದು ಒಳ್ಳೆಯದಾಯಿತು.

ತುದಿಯಲ್ಲಿ ಸುಮ್ನೆ ಕೂತೆ. ಕೆಳಗೆ ಇಟಲಿ ಕಡೆ ಫುಸಿನೆ ಕೆರೆಗಳು, ಹಸಿರು ಗಾಜಿನ ಚೂರಿನ ಹಾಗೆ. ಅಂಗೈ ನೋಡಿಕೊಂಡೆ. ಗೆರೆಗೆರೆಯಲ್ಲೂ ಬಿಳಿ ಪುಡಿ. ನಮ್ಮಜ್ಜಿ ಎಲೆಗೆ ಸವರುತ್ತಿದ್ದ ಚಿಪ್ಪಿನ ಸುಣ್ಣ ನೆನಪಾಯಿತು. ಇದೂ ಸಮುದ್ರದ್ದೇ. ಸುಮಾರು 20 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ ಕಡಲಿತ್ತು, ಅದರ ತಳವೇ ಈಗ ಈ ಬೆಟ್ಟ. ಗಡಿ ಎಳೆದದ್ದು ಮೊನ್ನೆ ಮೊನ್ನೆ. 2007ರ ಕೊನೆಯಲ್ಲಿ ಸ್ಲೊವೇನಿಯಾ ಷೆಂಗೆನ್ ಸೇರಿದ ಮೇಲೆ (ಯುರೋಪಿನ ದೇಶಗಳ ನಡುವೆ ಮುಕ್ತ ಓಡಾಟದ ವಲಯ ಅದು) ತಪಾಸಣೆಯೂ ನಿಂತಿತ್ತು.

ಇಟಲಿ ಕಡೆಯಿಂದ ಹತ್ತಿ ಬಂದ ವಯಸ್ಸಾದ ದಂಪತಿ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿದರು. ಆಯಮ್ಮ ಎರಡು ತೊಳೆ ನನ್ನ ಕೈಗಿಟ್ಟರು. ಆ ಸುಣ್ಣದ ಕೈಯಲ್ಲೇ ತಿಂದೆ.