ಕಡೂರಿನ ಬಯಲಲ್ಲಿ ಮುತ್ತುಗ ಅರಳಿದಾಗ

ಚಿಕ್ಕಮಗಳೂರು ಅಂದರೆ ಎಲ್ಲರೂ ಸೀದಾ ಮುಳ್ಳಯ್ಯನಗಿರಿಗೆ ಗಾಡಿ ಓಡಿಸುತ್ತಾರೆ. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರು ದಾರಿ. ಅದರಲ್ಲಿ ಬಯಲುಸೀಮೆಯ ಭಾಗ ಬಂದಾಗ ಕಾರಿನಲ್ಲಿರುವವರು ನಿದ್ದೆ ಮಾಡುತ್ತಾರೆ. ಶಿವರಾತ್ರಿ ಹೊತ್ತಿಗೆ ಹೋಗುವುದಾದರೆ ದಯವಿಟ್ಟು ಎದ್ದು ಕೂರಿ. ಆಗ ಮುತ್ತುಗ ಹೂ ಬಿಡುವ ಕಾಲ.

ನಾನೂ ಗೆಳೆಯನೂ ಬೆಳಗ್ಗೆಯೇ ಕಡೂರು ಬಿಟ್ಟೆವು. ರಾಗಿ ಕುಯ್ದ ಹೊಲಗಳು ಬೋಳು ಬೋಳು. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಸೊಟ್ಟ ಕಾಂಡದ ಮರ. ಮೈಮೇಲೆ ಒಂದೆಲೆಯೂ ಇಲ್ಲ, ತುದಿಯಿಂದ ಬುಡದವರೆಗೂ ಕಿತ್ತಳೆ ಕೆಂಪು. ಸಖರಾಯಪಟ್ಟಣದ ಹತ್ತಿರ ಒಂದು ಮರದಡಿ ಬೈಕ್ ನಿಲ್ಲಿಸಿ, ಬಿದ್ದ ಹೂವೊಂದನ್ನು ಎತ್ತಿಕೊಂಡೆ. ತೊಟ್ಟು, ಮೊಗ್ಗಿನ ಕವಚ ಎರಡೂ ಕಂದು ಮಖಮಲ್ಲು. ದಳದ ಮೇಲೆ ನಯವಾದ ರೋಮ. ಒಂದು ದಳ ಮಾತ್ರ ಗಿಳಿಯ ಕೊಕ್ಕಿನ ಹಾಗೆ ಬಾಗಿದೆ. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ.

ಹಕ್ಕಿಗಳನ್ನು ಕರೆಯುವ ಹೂವಿಗೆ ವಾಸನೆ ಯಾಕೆ ಬೇಕು? ಬಣ್ಣ ಸಾಕು, ಒಳಗೆ ಮಕರಂದ ಇದ್ದರೆ ಆಯ್ತು. ಸೂರಕ್ಕಿ ಬಂದು ಕೊಕ್ಕು ತೂರಿಸಿದಾಗ ಆ ಬಾಗಿದ ದಳ ಬಾಯಿ ಬಿಡುತ್ತದೆ, ಒಳಗಿನ ಕೇಸರಗಳು ಹೊರಬಂದು ಹಕ್ಕಿಯ ಮೈಗೆ ಪರಾಗ ಮೆತ್ತುತ್ತವೆ. ನಾವು ನೋಡುತ್ತಿದ್ದಂತೆ ಗೊರವಂಕ, ಕಾಜಾಣ, ಪಿಕಳಾರ ಎಲ್ಲ ಬಂದವು. ಒಂದು ಅಳಿಲು ಮಾತ್ರ ಹೂವನ್ನೇ ಕಚ್ಚಿ ಕಿತ್ತು ಕೆಳಗೆ ಹಾಕುತ್ತಿತ್ತು, ಶುದ್ಧ ಕಳ್ಳ. ಹೊಲ ಖಾಲಿ, ಕಟ್ಟೆ ಒಣಗುತ್ತಿರುವ ಈ ತಿಂಗಳಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಊಟ ಹಾಕುವ ಮರ ಬಯಲಲ್ಲಿ ಬೇರೆ ಎಷ್ಟಿವೆ, ಹೇಳಿ?

ಮರದ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಇದು ತೊಗರಿ, ಹುರುಳಿಯ ಕುಲ. ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಸವುಳು ನೆಲವಾದರೂ ಬದುಕುತ್ತದೆ, ಕಡಿದರೆ ಬೇರಿನಿಂದಲೇ ಚಿಗುರುತ್ತದೆ. ದನಗಳಿಗೆ ಎಲೆ ಅಷ್ಟಾಗಿ ಸೇರುವುದಿಲ್ಲ, ಹಾಗಾಗಿ ಮೇವಿನ ಬಯಲಲ್ಲೂ ಉಳಿದುಕೊಂಡಿದೆ. ಅರಗಿನ ಹುಳುವಿಗೂ ಇದು ಇಷ್ಟದ ಮರ.

ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಅವರಮ್ಮ ಜಗಲಿಯಲ್ಲಿ ಕೂತು ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ಹೋದ ವರ್ಷ ಕಿತ್ತು ಒಣಗಿಸಿಟ್ಟ ಎಲೆ. ನೀರು ಚಿಮುಕಿಸಿ ಮೆತ್ತಗೆ ಮಾಡಿ, ಸಣ್ಣ ಕಡ್ಡಿ ಚುಚ್ಚಿ ಚುಚ್ಚಿ ದುಂಡಗೆ ಜೋಡಿಸುತ್ತಿದ್ದರು.

“ಇದರ ಮೇಲೆ ಬಿಸಿ ಅನ್ನ ಬಿದ್ದರೆ ಒಂದು ಘಮ ಬರುತ್ತಪ್ಪಾ, ನಿಮ್ಮ ಪ್ಲಾಸ್ಟಿಕ್ ತಟ್ಟೆಗೆ ಬರುತ್ತಾ?” ಅಂದರು.

“ಈಗ ಯಾರಮ್ಮ ಹಚ್ತಾರೆ, ಅಂಗಡೀಲಿ ಸಿಗುತ್ತಲ್ಲ” ಅಂತ ಗೆಳೆಯ ರೇಗಿಸಿದ. ಆಮೇಲೆ ಅದೇ ಎಲೆಯಲ್ಲಿ ಎರಡು ಸಲ ಸಾರು ಹಾಕಿಸಿಕೊಂಡು ಉಂಡವನೂ ಅವನೇ.

ಸಂಜೆ ಅಯ್ಯನಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು, ಚಿಕ್ಕಮಗಳೂರಿಗೆ ಹೊರಟೆವು. ಮೇಲೇರಿದಂತೆ ಮುತ್ತುಗ ಕಮ್ಮಿಯಾಗಿ, ಕಾಫಿ ತೋಟ ಶುರುವಾದಾಗ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಸಾಲು ಹಿಡಿಯುತ್ತದೆ. ಊರೊಳಗೆ ಬಂದರೆ ಮಡಗಾಸ್ಕರಿನ ಗುಲ್‌ಮೊಹರ್. ಅದೂ ಚಂದವೇ, ಇಲ್ಲ ಅನ್ನಲ್ಲ. ಆದರೆ ಪಾರ್ಕಿಗೆ, ರಸ್ತೆ ಬದಿಗೆ ಸಸಿ ಆರಿಸುವವರು ಮುತ್ತುಗದ ಕಡೆ ತಿರುಗಿಯೂ ನೋಡದಿರುವುದು ನನಗೆ ಅರ್ಥವೇ ಆಗುವುದಿಲ್ಲ. ನಿಧಾನಕ್ಕೆ ಬೆಳೆಯುತ್ತದೆ ಅನ್ನುವುದು ಅವರ ನೆಪ. ಬೆಳೆಯಲಿ ಬಿಡಿ, ನಮಗೇನು ಅವಸರ?

ನೋಡಲು ಹೋಗುವವರಿಗೆ ಒಂದು ಮಾತು: ಬಿಸಿಲೇರುವ ಮುಂಚೆ ಹೋಗಿ, ಹಕ್ಕಿ ಜಾಸ್ತಿ ಸಿಗುತ್ತವೆ. ಬೀಜ ಬೇಕಿದ್ದರೆ ಮೇ ತಿಂಗಳ ಗಾಳಿಗೆ ಕಾಯಿರಿ. ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಬೀಜ. ಉಳಿದದ್ದೆಲ್ಲ ಹಾರುವುದಕ್ಕೆ ರೆಕ್ಕೆ. ಹೊಲದ ಬದುವಿನಲ್ಲೇ ಬೇಕಾದಷ್ಟು ಬಿದ್ದಿರುತ್ತವೆ.