25 ವರ್ಷದ ಫುಲ್ ಸಸ್ಪೆನ್ಶನ್ ಸೈಕಲ್ಲು ಇವತ್ತಿಗೂ ಆಗುತ್ತಾ?

ಕಳೆದ ವರ್ಷ ಸ್ಯಾನ್ ಹೋಸೆಯಲ್ಲಿ ನಮ್ಮ ಹಿಂದಿನ ಬೀದಿಯವರೊಬ್ಬರು ಗ್ಯಾರೇಜ್ ಸೇಲ್ ಇಟ್ಟಿದ್ದರು. ನಾನು ಹೋದದ್ದು ಮಗಳಿಗೆ ಪುಸ್ತಕದ ಕಪಾಟು ಸಿಗುತ್ತಾ ಅಂತ ನೋಡಲು. ತಂದದ್ದು 60 ಡಾಲರಿನ ಹಳೇ ಮೌಂಟನ್ ಬೈಕು. ಕಪಾಟಿನ ವಿಚಾರ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

1990ರ ದಶಕದ ಕೊನೆಯ ಮಾಡೆಲ್ಲು. ಅಲ್ಯೂಮಿನಿಯಂ ಫ್ರೇಮು, 26 ಇಂಚಿನ ಚಕ್ರ, ಮುಂದೆ ಪೆಡಲ್ ಹತ್ತಿರ ಮೂರು ಚೈನ್‌ರಿಂಗು (ಚೈನ್ ಕೂರುವ ಹಲ್ಲಿನ ಬಳೆಗಳು), ಹಿಂದೆ ಎಂಟು ಗೇರು, ರಿಮ್ ಬ್ರೇಕು, ಹಿಂದೆ ಮುಂದೆ ಎರಡೂ ಕಡೆ ಶಾಕ್, ಅದನ್ನೇ ಫುಲ್ ಸಸ್ಪೆನ್ಶನ್ ಅನ್ನುವುದು. ಕಂಪನಿ ಹೆಸರು ಬರೆಯುವುದಿಲ್ಲ. ಕೆಳಗೆ ಸ್ವಲ್ಪ ಬೈಯುವುದಿದೆ, 25 ವರ್ಷ ಬಾಳಿದ ಮಾಲಿಗೆ ಈಗ ಅವರನ್ನು ಹಿಡಿದು ಏನು ಪ್ರಯೋಜನ.

ಇಂಥ ಸೈಕಲ್ಲು ಇವತ್ತಿನ ಟ್ರೇಲ್‌ನಲ್ಲಿ, ಅಂದರೆ ಕಾಡು ಗುಡ್ಡದ ಹಾದಿಯಲ್ಲಿ, ಓಡುತ್ತಾ ಅಂತ ಕೇಳಿದರೆ ಎಲ್ಲರೂ ಮೊದಲು ಕೈ ತೋರಿಸುವುದು ಶಾಕ್ ಕಡೆಗೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ವರ್ಷ ವಾರಕ್ಕೊಮ್ಮೆ ತುಳಿದ ಮೇಲೆ ಅನಿಸುತ್ತಿರುವುದೇ ಬೇರೆ. ಹಿಂದಿನ ಶಾಕ್, ಅದರ ಕೀಲುಗಳು ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮುಪ್ಪು ಬಂದಿರುವುದು ಮುಂದುಗಡೆಗೆ. ಹ್ಯಾಂಡಲ್ಲು, ಅದನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ನಿಂತಿರುವ ಕೋನ, ಇವೇ ಹಳೆಯವು.

ಶಾಕ್ ಸೈಕಲ್ ಅಂದರೆ ನನಗೆ ಮೊದಲು ನೆನಪಾಗುವುದು ಶಿವಮೊಗ್ಗದ ಹೈಸ್ಕೂಲ್ ದಿನಗಳು. ನಮ್ಮ ಕ್ಲಾಸಿನಲ್ಲಿ ಒಬ್ಬನ ಹತ್ತಿರ ಮಾತ್ರ ಡಬಲ್ ಶಾಕ್ ಸೈಕಲ್ ಇತ್ತು. ಒಂದು ರೌಂಡಿಗೆ ಅವನಿಗೆ ನೆಲ್ಲಿಕಾಯಿ ಲಂಚ ಕೊಡಬೇಕಿತ್ತು. ಕುಳಿತರೆ ಕುದುರೆ ಹಾಗೆ ಕುಣಿಯುತ್ತಿತ್ತು, ದಿಬ್ಬ ಹತ್ತುವಾಗ ತುಳಿದ ಶಕ್ತಿಯೆಲ್ಲ ಆ ಕುಣಿತಕ್ಕೇ ಹೋಗುತ್ತಿತ್ತು, ಆದರೂ ನಮಗೆ ಅದೇ ವಿಮಾನ. ಅದರಲ್ಲಿ ಇದ್ದದ್ದು ಬರೀ ಸ್ಪ್ರಿಂಗು. ಸ್ಪ್ರಿಂಗ್ ಒತ್ತಿದ ಮೇಲೆ ವಾಪಸ್ ಬರುವ ವೇಗವನ್ನು ತಡೆಯಲು ಒಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ಹಾದುಹೋಗಬೇಕು, ಅದನ್ನೇ ಡ್ಯಾಂಪಿಂಗ್ ಅನ್ನುವುದು. ಅದಿಲ್ಲದಿದ್ದರೆ ಅದು ಶಾಕ್ ಅಬ್ಸಾರ್ಬರ್ ಅಲ್ಲ, ಮಂಚದ ಸ್ಪ್ರಿಂಗ್ ಅಷ್ಟೇ.

ನನ್ನ ಹಳೇ ಬೈಕಿನ ಹಿಂದೆ ಇರುವುದು ಗಾಳಿ ತುಂಬಿಸುವ ಶಾಕು, ಒಳಗೆ ಎಣ್ಣೆಯ ಡ್ಯಾಂಪರ್ ಇದೆ. ಚಕ್ರ ಮೇಲೆ ಕೆಳಗೆ ಆಡುವುದು ಸುಮಾರು 90 ಮಿ.ಮೀ. ಇವತ್ತಿನ ಟ್ರೇಲ್ ಬೈಕುಗಳಿಗೆ 130, 150 ಇರುತ್ತದೆ. ಲೆಕ್ಕದಲ್ಲಿ ಕಡಿಮೆಯೇ, ಆದರೆ ಇದೆಲ್ಲ ಶುರುವಾದದ್ದು ಎಲ್ಲಿಂದ ನೋಡಿ. 1990ರಲ್ಲಿ ಕೊಲೊರಾಡೋದ ಡುರಾಂಗೋದಲ್ಲಿ ಮೊದಲ ಅಧಿಕೃತ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗ್ರೆಗ್ ಹರ್ಬೋಲ್ಡ್ ಡೌನ್‌ಹಿಲ್, ಅಂದರೆ ಇಳಿಜಾರಿನ ರೇಸು, ಗೆದ್ದದ್ದು ರಾಕ್‌ಶಾಕ್ಸ್ ಕಂಪನಿಯ ಮೊದಲ ಶಾಕ್ ಫೋರ್ಕ್ ಹಾಕಿಕೊಂಡು. ಅದರ ಆಟ ಎರಡು ಇಂಚಿಗೂ ಕಡಿಮೆ. ಹಿಂದೆ ಶಾಕೇ ಇಲ್ಲ.

ಅದಾದ ಮೇಲೆ ಹತ್ತು ವರ್ಷ ಹಿಂದಿನ ಶಾಕ್ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಕೆಲವು ಪ್ರಯೋಗ ಇವತ್ತು ನೋಡಿದರೆ ನಗು ಬರುತ್ತದೆ. ಪೆಡಲ್ಲು, ಹಿಂದಿನ ಚಕ್ರ ಎರಡೂ ಒಂದೇ ತುಂಡಿನ ಮೇಲೆ, ಸೀಟು ಮಾತ್ರ ಮುಂದಿನ ತುಂಡಿನ ಮೇಲೆ ಇರುವ ಡಿಸೈನ್ ಒಂದಿತ್ತು. ಟ್ರೆಕ್‌ನ ವೈ ಆಕಾರದ ಫ್ರೇಮು, ಕ್ಲೈನ್ ಮಾಂತ್ರಾ ಎಲ್ಲ ಆ ಜಾತಿಯವು. ನೋಡಲು ಇವತ್ತಿಗೂ ಚೆಂದ, ವೈ ಫ್ರೇಮ್ ಗೋಡೆಗೆ ನೇತುಹಾಕಿದರೆ ಕಣ್ಣು ತಿರುಗಿಸಲು ಆಗುವುದಿಲ್ಲ. ಆದರೆ ಪೆಡಲ್ ಮೇಲೆ ಎದ್ದು ನಿಂತರೆ ಮೈಭಾರವೆಲ್ಲ ಹಿಂದಿನ ತುಂಡಿಗೇ ಹೋಗಿ ಶಾಕ್ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಕಲ್ಲಿನ ಇಳಿಜಾರಿನಲ್ಲಿ ಯಾರು ಕುಳಿತುಕೊಂಡು ಇಳಿಯುತ್ತಾರೆ? ಬೇಕಾದಾಗಲೇ ಕೈಕೊಡುವ ಶಾಕು. ಆ ಜಾತಿಯದು ಸಿಕ್ಕರೆ ಅಲಂಕಾರಕ್ಕೆ ತಗೊಳ್ಳಿ, ಸವಾರಿಗೆ ಬೇಡ.

ನನ್ನದು ಹಾರ್ಸ್ಟ್ ಲಿಂಕ್ ಇರುವುದು. ಆಸ್ಟ್ರಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಮೋಟೋಕ್ರಾಸ್ ಸವಾರ ಹಾರ್ಸ್ಟ್ ಲೈಟ್ನರ್ ಮಾಡಿದ್ದು. ಚೈನ್ ಪಕ್ಕದ ಕೆಳಗಿನ ಕೊಳವೆಯಲ್ಲಿ, ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಒಂದು ಕೀಲು ಇಟ್ಟ, ಅಷ್ಟೇ. ಆ ಒಂದು ಕೀಲಿನಿಂದ ಬ್ರೇಕ್ ಹಿಡಿದಾಗಲೂ ಹಿಂದಿನ ಶಾಕ್ ಸೆಟೆದುಕೊಳ್ಳದೆ ಆಡುತ್ತಿರುತ್ತದೆ. 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಆ ಪೇಟೆಂಟ್ ಕೊಂಡುಕೊಂಡಿತು. ಅವರ ಆಫೀಸು ಇಲ್ಲೇ ನಮ್ಮಿಂದ ಅರ್ಧ ಗಂಟೆ ದಕ್ಷಿಣಕ್ಕೆ, ಮಾರ್ಗನ್ ಹಿಲ್‌ನಲ್ಲಿದೆ. ಪೇಟೆಂಟ್ ಅವಧಿ ಮುಗಿದ ಮೇಲೆ ಎಷ್ಟೋ ಕಂಪನಿಗಳು ಅದೇ ಕೀಲನ್ನು ಹಾಕತೊಡಗಿದವು, ಇವತ್ತು ಸಾವಿರಾರು ಡಾಲರಿನ ಹೊಸ ಬೈಕಿನಲ್ಲೂ ಅದೇ ಇದೆ. ಹೀಗಿರುವಾಗ ಹಿಂದಿನ ಭಾಗ ಹಳತಾಯಿತು ಅಂತ ಹೇಳುವುದು ಹೇಗೆ?

ಹಾಗಂತ ತಂದ ದಿನವೇ ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನ ಶಾಕಿಗೆ ರಾತ್ರಿ ಗಾಳಿ ತುಂಬಿಸಿದರೆ ಬೆಳಿಗ್ಗೆ ಸೊನ್ನೆ. ಒಂದು ಸೈಕಲ್ ಶಾಪಿಗೆ ತಗೊಂಡು ಹೋದೆ. ಅಲ್ಲಿದ್ದ ಹುಡುಗ ನನ್ನ ಬೈಕಿಗಿಂತ ಚಿಕ್ಕವನು, ಇದನ್ನು ನಾವು ಮುಟ್ಟುವುದಿಲ್ಲ ಅಂದುಬಿಟ್ಟ. ಸರಿ, ಮನೆಯಲ್ಲೇ ಬಿಚ್ಚಿದೆ. ಗಾಳಿಯ ಕೋಣೆಯ ಸೀಲು, ಓ ರಿಂಗುಗಳನ್ನು ಬದಲಿಸಿ ನಾಲ್ಕು ಹನಿ ಎಣ್ಣೆ ಬಿಟ್ಟು ಜೋಡಿಸುವುದು ಮಿಕ್ಸಿ ಜಾರಿನ ವಾಷರ್ ಬದಲಿಸಿದವರಿಗೆ ಕಷ್ಟವಲ್ಲ. ಒಳಗಿನ ಡ್ಯಾಂಪರ್ ಮಾತ್ರ ಮುಟ್ಟಬೇಡಿ, ಎಷ್ಟೋ ಶಾಕುಗಳಲ್ಲಿ ಅಲ್ಲಿ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ, ಅದು ವರ್ಕ್‌ಶಾಪಿನ ಕೆಲಸ. ಪೂರ್ತಿ ಹಾಳಾಗಿದ್ದರೂ ಗಾಬರಿ ಬೇಡ. ನನ್ನದರ ಅಳತೆ 165 ಗುಣಿಸು 38 ಮಿ.ಮೀ., ಅಂದರೆ ಉದ್ದ ಆರೂವರೆ ಇಂಚು, ಒತ್ತಿದರೆ ಒಂದೂವರೆ ಇಂಚು ಕುಗ್ಗುತ್ತದೆ. ಈ ಅಳತೆಯ ಶಾಕು ಹುಡುಕಿದರೆ ಹೊಸದೇ ಸಿಗುತ್ತದೆ.

ಕೀಲುಗಳ ಬೇರಿಂಗ್ ಇನ್ನೂ ಸುಲಭ, ಅದರ ಮೇಲೆಯೇ ನಂಬರ್ ಇರುತ್ತದೆ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಕೊಡುತ್ತಾರೆ.

ನಿಜವಾದ ತಲೆನೋವು ಮುಂದಿನ ಫೋರ್ಕು. ಆ ಕಾಲದ ಎಷ್ಟೋ ಫೋರ್ಕುಗಳಲ್ಲಿ ಸ್ಪ್ರಿಂಗ್ ಬದಲು ಎಲಾಸ್ಟೋಮರ್ ಇರುತ್ತಿತ್ತು, ರಬ್ಬರಿನಂಥ ಬಿರಡೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಹೊಸದರಲ್ಲೇ ಅವು ಚಳಿಗೆ ಗಟ್ಟಿಯಾಗುತ್ತಿದ್ದವು. ನನ್ನದನ್ನು ಬಿಚ್ಚಿದಾಗ ಮೇಲಿನೆರಡು ಕಲ್ಲಾಗಿದ್ದವು, ಕೆಳಗಿನವು ಕರಗಿ ಕಾಯಿಸಿದ ಬೆಲ್ಲದ ಹಾಗೆ ಅಂಟಿಕೊಂಡಿದ್ದವು. ಕೆರೆದು ತೆಗೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಹಳೇ ಸ್ಟಾಕಿನ ಕಾಯಿಲ್ ಸ್ಪ್ರಿಂಗ್ ಹುಡುಕಿ ಹಾಕಿದೆ. ಎಲ್ಲ ಸೇರಿ ಖರ್ಚು ಬೈಕಿನ ಬೆಲೆಯ ಎರಡರಷ್ಟಾಯಿತು, ಇದನ್ನು ಮನೆಯಲ್ಲಿ ಹೇಳಿಲ್ಲ.

ಮೊದಲ ಸವಾರಿ ಸಾಂತಾ ಕ್ರೂಝ್ ಹತ್ತಿರದ ವೈಲ್ಡರ್ ರ‍್ಯಾಂಚ್‌ನಲ್ಲಿ. ಸಮುದ್ರದ ಪಕ್ಕದ ಹುಲ್ಲುಗಾವಲು, ಉದ್ದುದ್ದ ಏರು, ತಿರುವಿನ ಮೇಲೆ ತಿರುವು. ಅಲ್ಲಿ ಈ ಹಳೇ ಗಾಡಿ ನಿಜಕ್ಕೂ ಖುಷಿ ಕೊಟ್ಟಿತು. ಸುಮಾರು 12.5 ಕಿಲೋ ತೂಕ, ಈಗಿನ ಟ್ರೇಲ್ ಬೈಕುಗಳು 14, 15 ಕಿಲೋ. ಚಿಕ್ಕ ಚಕ್ರ ತಟ್ಟನೆ ತಿರುಗುತ್ತದೆ. ಗೇರಿನದೊಂದು ಲೆಕ್ಕ ಹೇಳುತ್ತೇನೆ. ನನ್ನ ಅತಿ ಹಗುರದ ಗೇರು ಮುಂದೆ 22 ಹಲ್ಲು, ಹಿಂದೆ 32. ಹೊಸ ಬೈಕಿನಲ್ಲಿ ಸಾಮಾನ್ಯವಾಗಿ 32ಕ್ಕೆ 51. ಕೇಳಿದರೆ ಹೊಸದೇ ಹಗುರ ಅನಿಸುತ್ತದೆ, ಆದರೆ ಚಕ್ರದ ಅಳತೆ ಸೇರಿಸಿ ನೋಡಿ, 26 ಇಂಚಿನದು ಒಂದು ತುಳಿತಕ್ಕೆ 29 ಇಂಚಿನದಕ್ಕಿಂತ ಸ್ವಲ್ಪ ಕಡಿಮೆಯೇ ದೂರ ಹೋಗುತ್ತದೆ. ಅಂದರೆ ಏರಿನಲ್ಲಿ ನನ್ನದೇ ಹಗುರ! ಆದರೆ ಒಂದು ಮಾತು, ಈ ಹಳೇ ಕೀಲುಗಳು ಮಧ್ಯದ ಚೈನ್‌ರಿಂಗಿಗೆ ಹೊಂದಿಸಿದವು. ಚಿಕ್ಕದಕ್ಕೆ ಹಾಕಿದರೆ ಚೈನಿನ ಎಳೆತಕ್ಕೆ ಶಾಕ್ ಬಿಗಿಯಾಗುತ್ತದೆ, ದೊಡ್ಡದರಲ್ಲಿ ತುಳಿದರೆ ಶಿವಮೊಗ್ಗದ ಕುದುರೆ ಕುಣಿತ.

ಎರಡನೇ ವಾರ ಸಾಂತಾ ತೆರೇಸಾ ಪಾರ್ಕಿನ ರಾಕಿ ರಿಡ್ಜ್‌ಗೆ ಹೋದೆ. ಹೆಸರೇ ಹೇಳುವ ಹಾಗೆ ಬರೀ ಬಂಡೆ. ಜೊತೆಗೆ ಬಂದಿದ್ದ ತೀರ್ಥಹಳ್ಳಿಯ ಗೆಳೆಯ ತನ್ನ ಹೊಸ 29ರ ಮೇಲೆ ಕುಳಿತು, "ಇದರಲ್ಲಿ ಇಳಿತೀಯಾ ಮಾರಾಯ, ಇನ್ಶೂರೆನ್ಸ್ ಇದೆ ತಾನೇ?" ಅಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮೊದಲ ಮೆಟ್ಟಿಲಿನಂಥ ಬಂಡೆಯಲ್ಲೇ ಹ್ಯಾಂಡಲ್ ದಾಟಿ ಪೊದೆಗೆ ಹೋಗಿ ಬಿದ್ದೆ. ಶಾಕ್ ಆ ಹೊಡೆತವನ್ನು ನುಂಗಿಕೊಂಡಿತ್ತು, ಅದರದೇನೂ ತಪ್ಪಿಲ್ಲ. ನನ್ನ ಫೋರ್ಕ್ ನೆಲಕ್ಕೆ 71 ಡಿಗ್ರಿಯಲ್ಲಿ ನೆಟ್ಟಗೆ ನಿಂತಿದೆ, ಅವನದು 66 ಡಿಗ್ರಿ, ಮುಂದಕ್ಕೆ ಚಾಚಿದೆ. ನನ್ನ ಸ್ಟೆಮ್ಮು 120 ಮಿ.ಮೀ. ಉದ್ದ, ಹ್ಯಾಂಡಲ್ ಅಗಲ 580. ಅವನದು 40 ಮತ್ತು 780. ಜೊತೆಗೆ ಅವನು ಒಂದು ಗುಂಡಿ ಒತ್ತಿದರೆ ಸೀಟು ಕೆಳಗೆ ಹೋಗುತ್ತದೆ, ನನ್ನದು ಇಳಿದು, ಲಿವರ್ ಬಿಚ್ಚಿ, ಕೆಳಗೆ ತಳ್ಳಬೇಕು. ಇಷ್ಟೆಲ್ಲ ಸೇರಿದರೆ ಇಳಿಜಾರಿನಲ್ಲಿ ನನ್ನ ತಲೆ ಮುಂದಿನ ಚಕ್ರದ ನೆತ್ತಿಯ ಮೇಲಿರುತ್ತದೆ. ಚಕ್ರ ಎಲ್ಲಿ ನಿಂತಿತೋ ಅಲ್ಲಿಂದ ನಾನು ಹೊರಟೆ.

ಮರುದಿನ ಮೊಣಕೈಗೆ ಪ್ಲಾಸ್ಟರ್ ಹಚ್ಚಿಕೊಂಡು ಸ್ಟೆಮ್ ಬದಲಿಸಿದೆ. 70ರದು ಹಾಕಿದೆ, ಹ್ಯಾಂಡಲ್ 700. ಶಾಕ್ ರಿಪೇರಿಗಿಂತ ಈ 45 ಡಾಲರಿನ ಬದಲಾವಣೆಯಿಂದಲೇ ಬೈಕು ಜಾಸ್ತಿ ಸುಧಾರಿಸಿತು. ಇನ್ನೂ ಗಿಡ್ಡ ಸ್ಟೆಮ್ ಹಾಕೋಣ ಅಂತ 40ರದನ್ನೂ ನೋಡಿದೆ, ಆಗಲಿಲ್ಲ. ಹಳೇ ಫ್ರೇಮೇ ಗಿಡ್ಡ, ಉದ್ದದ ಸ್ಟೆಮ್ ಇಟ್ಟು ಅದನ್ನು ಸರಿದೂಗಿಸಿದ್ದರು. ತೀರಾ ಗಿಡ್ಡ ಮಾಡಿದರೆ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತದೆ, ಮೂರು ಚಕ್ರದ ಮಕ್ಕಳ ಸೈಕಲ್ ಮೇಲೆ ಕುಳಿತ ಮಾವನ ಹಾಗೆ.

ಟೈರು ಒಳ್ಳೆಯದು ಹಾಕಿ, ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಸುತ್ತದೋ ಅಷ್ಟು. ರಿಮ್ ಬ್ರೇಕು ಬಿಸಿಲಿನಲ್ಲಿ ಸಾಕು, ರೆಡ್‌ವುಡ್ ಕಾಡಿನಲ್ಲಿ ಮಂಜು ತೊಟ್ಟಿಕ್ಕಿ ನೆಲ ಒದ್ದೆಯಾದ ದಿನ ಸಾಲುವುದಿಲ್ಲ. ಡಿಸ್ಕ್ ಹಾಕೋಣ ಅಂದರೆ ನನ್ನ ಫ್ರೇಮಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಕೊಳ್ಳುವ ಮೊದಲು ಒಂದು ಕೆಲಸ ಮಾತ್ರ ಮರೆಯಬೇಡಿ. ಫ್ರೇಮನ್ನು ಒರೆಸಿ ವೆಲ್ಡಿಂಗ್ ಜಾಗಗಳನ್ನು ಟಾರ್ಚ್ ಹಿಡಿದು ನೋಡಿ. ಫೋರ್ಕ್ ತೂರಿಸುವ ಹೆಡ್ ಟ್ಯೂಬಿನ ಕೆಳಗೆ, ಶಾಕ್ ಕೂರುವ ಕಡೆ, ಹಿಂದಿನ ಕೀಲುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬನ್ನಿ. ಅಲ್ಯೂಮಿನಿಯಂ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಬಿರುಕಿಲ್ಲ, ಸೀಟು ಹಿಡಿದು ಎತ್ತಿದರೆ ಕೀಲಿನಲ್ಲಿ ಕಟಕಟ ಇಲ್ಲ ಅಂದರೆ ಚೌಕಾಸಿ ಶುರುಮಾಡಬಹುದು.

ಹೋದ ತಿಂಗಳು ಮತ್ತೆ ವೈಲ್ಡರ್ ರ‍್ಯಾಂಚ್‌ಗೆ ಹೋದಾಗ ತೀರ್ಥಹಳ್ಳಿಯವನೂ ಬಂದಿದ್ದ. ಏರಿನ ಬುಡದಲ್ಲಿ, "ಸುಮ್ನೆ ಒಂದು ಸಲ ಕೊಡು ನೋಡೋಣ" ಅಂತ ನನ್ನ ಬೈಕು ಇಸಿದುಕೊಂಡ. ತುದಿವರೆಗೆ ವಾಪಸ್ ಕೊಡಲಿಲ್ಲ, ನಾನು ಅವನ 15 ಕಿಲೋ ತುಳಿದುಕೊಂಡು ಹಿಂದೆ ಹಿಂದೆ ಏದುಸಿರು ಬಿಡುತ್ತಾ ಹೋದೆ. ಮೇಲೆ ನಿಂತು ನೀರು ಕುಡಿದೆವು. ಅವನು ಇಳಿಜಾರಿನ ಕಡೆ ಒಮ್ಮೆ ನೋಡಿದ, ನನ್ನ ಹ್ಯಾಂಡಲ್ ಒಮ್ಮೆ ನೋಡಿದ, "ತಗೋ ನಿನ್ನದು" ಅಂತ ಗಾಡಿ ನನ್ನ ಕಡೆ ತಳ್ಳಿದ.